ತೋಡಿಗೆ ಪೈಪ್ ಮೋರಿ ಹಾಕಿದ ಮೇಲೆ ಮೇಲಿನ ಗದ್ದೆಗೆ ಮೀನು ಹತ್ತುತ್ತಿಲ್ಲ, ಯಾಕೆ?

ತಪ್ಪು ಮೋರಿಯದ್ದೇ ಇರಬೇಕು. ಕೊಡಗಿನಲ್ಲಿ ಜೂನ್‌ನ ಮೊದಲ ಜೋರು ಮಳೆಗೆ ಹೊಳೆಯ ಹಲವು ಜಾತಿಯ ಮೀನುಗಳು ಮೊಟ್ಟೆ ಇಡಲು ತೋಡು ಹಿಡಿದು ಗದ್ದೆಯತ್ತ ಹತ್ತುತ್ತವೆ.

ಮೋರಿಯ ಕೆಳಬಾಯಿ ನೋಡಿ. ತೋಡಿಗಿಂತ ಕಿರಿದಾದ ಪೈಪಿನಿಂದ ನೀರು ರಭಸವಾಗಿ ಬಿದ್ದಲ್ಲಿ ಮಣ್ಣು ಕೊರೆದು ಗುಂಡಿಯಾಗುತ್ತದೆ. ಕೆಲವು ಮಳೆಗಾಲ ಕಳೆದರೆ ಪೈಪಿನ ಬಾಯಿ ನೀರಿಗಿಂತ ಮೇಲೆ ನೇತಾಡುತ್ತದೆ. ಬೆರಳುದ್ದದ ಮೀನಿಗೆ ಒಂದಡಿ ಎತ್ತರವೂ ಅಣೆಕಟ್ಟೇ. ಹಾರಿ ಒಳಹೊಕ್ಕರೂ ನುಣುಪು ಕಾಂಕ್ರೀಟಿನಲ್ಲಿ ಸುಧಾರಿಸಿಕೊಳ್ಳಲು ಒಂದು ಕಲ್ಲಿನ ಮರೆಯಿಲ್ಲ. ದಣಿದು ಹಿಂದಕ್ಕೆ ಜಾರುತ್ತದೆ. ಹೀಗೆ ಗುಂಡಿಯಲ್ಲಿ ಗುಂಪುಗಟ್ಟಿದ ಮೊಟ್ಟೆಮೀನನ್ನು ಬಲೆಯಲ್ಲಿ ಬಾಚಿದರೆ ಮುಂದಿನ ವರ್ಷದ ಮೀನೂ ಹೋಯಿತು. ದಯವಿಟ್ಟು ಬಿಡಿ.

ಹೊಸದಾಗಿ ಕಟ್ಟುವುದಾದರೆ ತೋಡಿನ ತಳ ಹಾಗೇ ಉಳಿಯುವ ಸ್ಲ್ಯಾಬ್ ಮೋರಿಯೇ ಒಳ್ಳೆಯದು, ದಡದಿಂದ ದಡಕ್ಕೆ ಪೂರ್ತಿ ಅಗಲದ್ದು. ಪೈಪೇ ಆಗಬೇಕಿದ್ದರೆ ವ್ಯಾಸದ ಐದನೇ ಒಂದು ಭಾಗ ತೋಡಿನ ತಳಕ್ಕಿಂತ ಕೆಳಗೆ ಹೂಳಿ, ತೋಡಿನ ಇಳಿಜಾರಿಗೇ ಕೂರಿಸಿ, ಒಳಗೆ ಕಲ್ಲು-ಮರಳು ಹಾಸಿ.

ಹಳೆಯ ಮೋರಿಗೆ, ಕೆಳಗಡೆ ದಪ್ಪ ಕಾಡುಕಲ್ಲಿನ ಅಡ್ಡಸಾಲುಗಳನ್ನು ಕಟ್ಟಿ ನೀರನ್ನು ಪೈಪಿನ ಬಾಯಿಯವರೆಗೆ ಏರಿಸಿ. ಒಂದೊಂದು ಮೆಟ್ಟಿಲು 10 ಸೆಂ.ಮೀ. ಮೀರದಿರಲಿ. ಮೇಲ್ಬಾಯಿಗೆ ಸಿಕ್ಕಿದ ಬಿದಿರು, ಕಸವನ್ನು ಮೇ ತಿಂಗಳಲ್ಲೇ ತೆಗೆಯಿರಿ.