ಕಾರ್ಟರ್ ಲೇಖನ: ಈ ರೂಪದಲ್ಲಿ ಬೇಡ

ನಮಸ್ಕಾರ.

ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕುರಿತ ನಿಮ್ಮ 2,400 ಪದಗಳ ಲೇಖನ ಓದಿದೆವು. ಹೀಗೇ ಪ್ರಕಟಿಸಲಾಗದು. 1924ರಲ್ಲಿ ಜಾರ್ಜಿಯಾದ ಪ್ಲೇನ್ಸ್‌ನಲ್ಲಿ ಹುಟ್ಟಿದ್ದರಿಂದ ಹಿಡಿದು 2024ರ ಡಿಸೆಂಬರ್ 29ರ ಸಾವಿನವರೆಗೆ ಇಸವಿಗಳ ಮೆರವಣಿಗೆ ಅದು. ಬಾಲ್ಯಕ್ಕೆ 700 ಪದ, ಇರಾನ್ ಒತ್ತೆಯಾಳು ಬಿಕ್ಕಟ್ಟಿಗೆ 90! ಬಾಲ್ಯವನ್ನು 150ಕ್ಕೆ ಇಳಿಸಿ.

ಮೊದಲು ತಪ್ಪುಗಳು. ಕಾರ್ಟರ್ ಅಣುಶಕ್ತಿ ಜಲಾಂತರ್ಗಾಮಿಯ ಕಮಾಂಡರ್ ಆಗಿರಲಿಲ್ಲ. ನೌಕಾಪಡೆಯ ಅಣುಶಕ್ತಿ ಯೋಜನೆಯ ಮುಖ್ಯಸ್ಥ ರಿಕೋವರ್ ಕೈಕೆಳಗೆ ‘ಸೀವುಲ್ಫ್’ ಎಂಬ ಅಣುಶಕ್ತಿ ಜಲಾಂತರ್ಗಾಮಿಗಾಗಿ ತಯಾರಾಗುತ್ತಿದ್ದಾಗಲೇ, 1953ರಲ್ಲಿ ತಂದೆ ತೀರಿಕೊಂಡದ್ದರಿಂದ ನೌಕಾಪಡೆ ಬಿಟ್ಟರು. ಅಂಥ ಮೊದಲ ಹಡಗು ‘ನಾಟಿಲಸ್’ ಸೇವೆಗೆ ಸೇರಿದ್ದೇ 1954ರಲ್ಲಿ. ಕೆನಡಾದ ಚಾಕ್ ರಿವರ್ ರಿಯಾಕ್ಟರನ್ನು ‘ಏಕಾಂಗಿಯಾಗಿ ಉಳಿಸಿದರು’ ಎಂಬುದು ವಾಟ್ಸ್ಆ್ಯಪ್ ಪವಾಡ. 1952ರ ಡಿಸೆಂಬರ್‌ನ ಅಪಘಾತದ ನಂತರ ಅದನ್ನು ಶುಚಿಗೊಳಿಸಲು ನೂರಾರು ಜನ ಸರದಿಯಲ್ಲಿ ದುಡಿದರು. ಕಾರ್ಟರ್ ಒಂದು ತಂಡದ ನಾಯಕ. ಟೆನಿಸ್ ಅಂಕಣದಲ್ಲಿ ಮಾದರಿ ಕಟ್ಟಿ, ಯಾವ ಬೋಲ್ಟ್ ಯಾರು ಬಿಚ್ಚಬೇಕೆಂದು ಅಭ್ಯಾಸ ಮಾಡಿ, ಒಳಗೆ ಇರುತ್ತಿದ್ದದ್ದು ಸುಮಾರು ಒಂದೂವರೆ ನಿಮಿಷವಂತೆ. ಪವಾಡಕ್ಕಿಂತ ಇದೇ ರೋಚಕ, ಇದನ್ನೇ ಬರೆಯಿರಿ.

‘ಮರಳುಗಾಳಿಗೆ ಹೆಲಿಕಾಪ್ಟರ್‌ಗಳು ಬಿದ್ದು ಎಂಟು ಮಂದಿ ಸತ್ತರು’ ಎಂಬ ವಾಕ್ಯದಲ್ಲಿ ಕಾರಣವೇ ಅದಲುಬದಲು. ಇರಾನ್‌ನಲ್ಲಿದ್ದ ಅಮೆರಿಕನ್ ಒತ್ತೆಯಾಳುಗಳನ್ನು ಬಿಡಿಸಲು 1980ರ ಏಪ್ರಿಲ್ 24ರಂದು ಹೊರಟದ್ದು ಎಂಟು ಹೆಲಿಕಾಪ್ಟರ್. ಒಂದನ್ನು ದಾರಿಯಲ್ಲೇ ಬಿಟ್ಟರು, ಒಂದು ಧೂಳಿಗೆ ಸಿಕ್ಕಿ ಹಿಂದಿರುಗಿತು, ಹೈಡ್ರಾಲಿಕ್ಸ್ ಕೈಕೊಟ್ಟ ಇನ್ನೊಂದು ಮರುಭೂಮಿಯ ತಂಗುದಾಣದಿಂದ ಮುಂದೆ ಹೋಗಲಾಗಲಿಲ್ಲ. ಕನಿಷ್ಠ ಆರು ಬೇಕು, ಉಳಿದದ್ದು ಐದು. ಕಾರ್ಯಾಚರಣೆ ಕೈಬಿಡಲು ಕಾರ್ಟರ್ ಒಪ್ಪಿದರು. ಸಾವುಗಳಾದದ್ದು ಆಮೇಲೆ, ವಾಪಸಾಗುವ ಗಡಿಬಿಡಿಯಲ್ಲಿ ಒಂದು ಹೆಲಿಕಾಪ್ಟರ್ ಸಿ-130 ವಿಮಾನಕ್ಕೆ ಬಡಿದಾಗ. ಲೇಖನದ ನಡುಮನೆ ಇದೇ ಆಗಲಿ. 400 ಪದ ಕೊಡಿ.

1980ರ ಚುನಾವಣೆಯಲ್ಲಿ ರೇಗನ್ ಎದುರಿನ ಸೋಲಿಗೆ ಒತ್ತೆಯಾಳುಗಳೊಂದೇ ಕಾರಣವಲ್ಲ. ಹಣದುಬ್ಬರ ಶೇ 13 ದಾಟಿತ್ತು, ಅದನ್ನು ಹಿಡಿಯಲು ಕಾರ್ಟರ್ ತಾವೇ ನೇಮಿಸಿದ ಕೇಂದ್ರ ಬ್ಯಾಂಕ್ ಮುಖ್ಯಸ್ಥ ವೋಲ್ಕರ್ ಬಡ್ಡಿ ಏರಲು ಬಿಟ್ಟರು, ಸ್ವಪಕ್ಷದ ಎಡ್ವರ್ಡ್ ಕೆನಡಿಯೇ ಪಕ್ಷದ ಟಿಕೆಟ್‌ಗಾಗಿ ಅವರ ಎದುರು ನಿಂತರು. ಎಲೆಕ್ಟೋರಲ್ ಮತಗಳಲ್ಲಿ 489–49ರ ಅಂತರ ಹಾಗೆ ಬಂದದ್ದು. ಈಜಿಪ್ಟ್–ಇಸ್ರೇಲ್ ಶಾಂತಿ ಮಾತುಕತೆ ನಡೆದ ಕ್ಯಾಂಪ್ ಡೇವಿಡ್‌ನ 13 ದಿನಗಳನ್ನು ಎಲ್ಲರೂ ಬರೆದಿದ್ದಾರೆ. ನಿಮಗೆ ಒಂದು ಪ್ಯಾರಾ ಸಾಕು.

ಕೊನೆಯಲ್ಲಿ ‘ಕರ್ನಾಟಕದ ನಾರುಹುಣ್ಣನ್ನೂ ಕಾರ್ಟರ್ ಓಡಿಸಿದರು’ ಎಂದಿದ್ದೀರಿ. ಅಳಿಸಿ. ಕುಡಿಯುವ ನೀರಿನಿಂದ ದೇಹ ಸೇರುವ ಹುಳುವಿನ ಈ ರೋಗದ ವಿರುದ್ಧ ಭಾರತದ ಕಾರ್ಯಕ್ರಮ 1980ರ ದಶಕದ ಮೊದಲರ್ಧದಲ್ಲೇ ಶುರುವಾಗಿತ್ತು. ಕಾರ್ಟರ್ ಸ್ಥಾಪಿಸಿದ ಸೇವಾಸಂಸ್ಥೆ ಕಾರ್ಟರ್ ಸೆಂಟರ್ ಈ ಕೆಲಸಕ್ಕೆ ಕೈಹಾಕಿದ್ದು 1986ರಲ್ಲಿ. ಜಗತ್ತಿನಲ್ಲಿ ಆಗ ಅಂದಾಜು 35 ಲಕ್ಷವಿದ್ದ ಪ್ರಕರಣಗಳು 2023ರಲ್ಲಿ 14ಕ್ಕೆ ಇಳಿದವು. ಲಸಿಕೆ ಇಲ್ಲ, ಔಷಧಿ ಇಲ್ಲ. ಬಟ್ಟೆಯಲ್ಲಿ ಸೋಸಿದ ನೀರು, ಕೆರೆಗೆ ಲಾರ್ವಾನಾಶಕ, ಹುಣ್ಣಾದವರು ನೀರಿಗಿಳಿಯದಂತೆ ಕಾವಲು. ಅದು ಹೇಗೆ ನಡೆಯಿತೆಂದು ಬರೆದರೆ ಓದುಗ ನಿಲ್ಲುತ್ತಾನೆ.

1,500 ಪದಗಳಲ್ಲಿ ಮತ್ತೆ ಕಳಿಸಿ. ಕಾರ್ಟರ್ ಕಡಲೆಕಾಯಿ ಬೆಳೆಗಾರರೆಂದು ಎಲ್ಲರಿಗೂ ಗೊತ್ತು, ಶೀರ್ಷಿಕೆಯಲ್ಲಿ ಮಾತ್ರ ಕಡಲೆಕಾಯಿ ಬೇಡ.