ಪಾಚಿ ಆಮ್ಲಜನಕ ಕೊಡುತ್ತೆ ಅಂತಾರೆ, ಮತ್ತೆ ಮೀನು ಯಾಕೆ ಸತ್ತವು?

ಪ್ರಶ್ನೆ: ನಮ್ಮ ಹೊಲದ ಪಕ್ಕ ಹಳ್ಳ ಇದೆ. ಕೊಟ್ಟಿಗೆ ತೊಳೆದ ನೀರು, ಹೊಲದಿಂದ ಬಸಿದ ನೀರು ಎಲ್ಲ ಅದಕ್ಕೇ ಹೋಗುತ್ತದೆ. ಈಗ ಕಲ್ಲುಗಳ ಮೇಲೆಲ್ಲ ಕೂದಲಿನಂಥ ಹಸಿರು ಪಾಚಿ. ಮೊನ್ನೆ ಬೆಳಿಗ್ಗೆ ಮೀನು ಸತ್ತು ತೇಲುತ್ತಿದ್ದವು. ಪಾಚಿ ಆಮ್ಲಜನಕ ಕೊಡುತ್ತೆ ಅಲ್ವಾ? ಮೈಲುತುತ್ತ ಹಾಕಿ ಪಾಚಿ ಸಾಯಿಸಲೇ?

ಉತ್ತರ: ಮೊದಲು ಆ ಮೈಲುತುತ್ತ ಕೆಳಗಿಡಿ. ಪಾಚಿ ಆಮ್ಲಜನಕ ಕೊಡುವುದು ಬೆಳಕಿರುವಾಗ ಮಾತ್ರ. ಉಸಿರಾಡುವುದಂತೂ ಹಗಲೂ ರಾತ್ರಿ ಇದ್ದೇ ಇದೆ, ಹಾಗಾಗಿ ಕತ್ತಲಾದ ಮೇಲೆ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅದು ಬರೀ ಖರ್ಚು ಮಾಡುತ್ತಾ ಹೋಗುತ್ತದೆ, ಬೆಳಗಿನ ಜಾವದ ಹೊತ್ತಿಗೆ ಮೀನಿಗೆ ಏನೂ ಉಳಿದಿರುವುದಿಲ್ಲ. ನೀವು ಸತ್ತ ಮೀನು ನೋಡಿದ್ದೂ ಬೆಳಿಗ್ಗೆಯೇ ತಾನೇ. ಮಧ್ಯಾಹ್ನದ ನೀರು ತೆಗೆದು ಪರೀಕ್ಷೆ ಮಾಡಿಸಿದರೆ ಆಮ್ಲಜನಕ ಧಾರಾಳವಾಗಿದೆ ಅಂತಲೇ ಬಂದೀತು!

ಸ್ವಲ್ಪ ಪಾಚಿ ಹಳ್ಳಕ್ಕೆ ಬೇಕು, ಬಸವನಹುಳುಗಳಿಗೆ ಅದೇ ಊಟ. ಅದು ಅತಿಯಾಗುವುದು ಗೊಬ್ಬರದ ಸಾರಜನಕ, ರಂಜಕ ಸಿಕ್ಕಾಗ. ಹೊಲಕ್ಕೆ ಗೊಬ್ಬರವಾಗುವುದು ಹಳ್ಳದ ಪಾಚಿಗೂ ಗೊಬ್ಬರವೇ.

ಕೊಟ್ಟಿಗೆ ನೀರಿನದು ಇನ್ನೊಂದು ಕಾಟ. ಸಗಣಿಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಮನೆಗಳ ಚರಂಡಿ ನೀರು ಕೊಳೆಯಲು ಲೀಟರಿಗೆ ಸುಮಾರು 300 ಮಿಲಿಗ್ರಾಂ ಆಮ್ಲಜನಕ ಸಾಕಾದರೆ ಗಟ್ಟಿ ಸಗಣಿ ಬಗ್ಗಡಕ್ಕೆ 10,000 ದಾಟುತ್ತದೆ. ನೀರು ಬಂದು ಸೇರುವ ಜಾಗದಲ್ಲಿ ಬೂದು ಬಣ್ಣದ, ಒದ್ದೆ ಹತ್ತಿಯಂಥದ್ದು ಕಲ್ಲಿಗೆ ಅಂಟಿ ಓಲಾಡುತ್ತಿದೆಯಾ ನೋಡಿ. ಅದು ಪಾಚಿಯಲ್ಲ, ಹೆಚ್ಚಿನದು ಬ್ಯಾಕ್ಟೀರಿಯಾ, ಕೊಳೆ ನೀರು ಸೇರುತ್ತಿದೆ ಅನ್ನುವುದರ ಗುರುತು.

ಹಗಲೂ ಪೂರ್ತಿ ನೆಮ್ಮದಿಯಿಲ್ಲ. ಬಿಸಿಲಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡ್ ಹೀರಿದಷ್ಟೂ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ಏರುತ್ತದೆ, ಕೆಲವೊಮ್ಮೆ 9 ದಾಟುತ್ತದೆ, ಆಗ ಗಂಜಲದಿಂದ ಬಂದ, ಅಲ್ಲಿಯವರೆಗೆ ಸುಮ್ನಿದ್ದ ಅಮೋನಿಯಂ ಮೀನಿಗೆ ವಿಷವಾದ ಅಮೋನಿಯಾ ಆಗಿಬಿಡುತ್ತದೆ.

ಮೈಲುತುತ್ತ ಯಾಕೆ ಬೇಡ ಅಂದರೆ, ಪಾಚಿ ಒಟ್ಟಿಗೇ ಸತ್ತು ಕೊಳೆತರೆ ಉಳಿದ ಆಮ್ಲಜನಕವೂ ಹೋಗುತ್ತದೆ, ಮೈಲುತುತ್ತದಲ್ಲಿರುವ ತಾಮ್ರ ಬಸವನಹುಳುಗಳನ್ನೂ ಕೊಲ್ಲುತ್ತದೆ. ಬೇಕಾದರೆ ಪಾಚಿಯನ್ನು ಕೈಯಿಂದ ಎಳೆದು ದಡದಿಂದ ದೂರ ಹಾಕಿ. ಕೊಟ್ಟಿಗೆ ನೀರನ್ನು ಗುಂಡಿಗೆ ತಿರುಗಿಸಿ, ಮಳೆಯಿಲ್ಲದ ದಿನ ಹೊಲಕ್ಕೆ ಬಿಡಿ. ದಡದಲ್ಲಿ ಹುಲ್ಲಿನ ಪಟ್ಟಿ ಬಿಟ್ಟರೆ ಮಣ್ಣಿಗಂಟಿದ ರಂಜಕ ಅಲ್ಲೇ ಒಂದಷ್ಟು ನಿಲ್ಲುತ್ತದೆ. ಮರಗಳಿದ್ದರೆ ಕಡಿಯಬೇಡಿ, ನೆರಳಲ್ಲಿ ಪಾಚಿ ಅಷ್ಟು ಬೆಳೆಯುವುದಿಲ್ಲ.