ಘಟ್ಟ ಹತ್ತಿದ ಮೇಲೆ ಗೇರ್ ಜಾರುತ್ತದೆ, ಕೂಲರ್ ಹಾಕಿಸಲೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮೂರು ಒಂದೇ ವಿಷಯದ್ದು. ಹೋದ ಸಲವೂ ಇದೇ ಬಂದಿತ್ತು, ಅದರ ಹಿಂದಿನ ಸಲವೂ ಇದೇ. ಶಿರಸಿಯ ನನ್ನ ಗ್ಯಾರೇಜಿಗೂ ಜನ ಇದನ್ನೇ ಕೇಳಿಕೊಂಡು ಬರುತ್ತಾರೆ. ಹಾಗಾಗಿ ಇವತ್ತು ಪೂರ್ತಿ ಬರೆದು ಕೈ ತೊಳೆದುಕೊಳ್ಳುತ್ತೇನೆ. ಉಳಿದವರಿಗೆ ಚುಟುಕು ಉತ್ತರ, ಬೇಸರ ಬೇಡ.

ಪ್ರಶ್ನೆ: ನನ್ನದು 2005ರ ಆಟೊಮ್ಯಾಟಿಕ್ ಕೊರೊಲಾ. ವಾರಕ್ಕೆ ಎರಡು ಸಲ ಕುಮಟಾದಿಂದ ಶಿರಸಿಗೆ ಬರುತ್ತೇನೆ. ದೇವಿಮನೆ ಘಟ್ಟ ಹತ್ತಿ ಮುಗಿಯುವಾಗ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಹೆಚ್ಚುವರಿ ಆಯಿಲ್ ಕೂಲರ್ ಕೂರಿಸಿ, ರೇಡಿಯೇಟರ್‌ಗೆ ಹೋಗುವ ಪೈಪ್ ಬಂದ್ ಮಾಡಿದರೆ ಸರಿಯಾಗುತ್ತದೆ ಎಂದು ಒಬ್ಬ ಮೆಕ್ಯಾನಿಕ್ ಹೇಳಿದ್ದಾರೆ. ಮಾಡಿಸಲೇ?

ಉತ್ತರ: ಈಗಲೇ ಬೇಡ. ಪೈಪ್ ಬಂದ್ ಮಾಡುವುದಂತೂ ಬೇಡವೇ ಬೇಡ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಇದು. ಕೂಲರ್ ಎಂದರೆ ಗೇರ್‌ಬಾಕ್ಸಿನ ಆಯಿಲನ್ನು ತಣಿಸಿ ಅದು ಹಾಳಾಗದಂತೆ ಕಾಯುವ ಸಾಮಾನು. ಹಾಳಾದದ್ದನ್ನು ಅದು ರಿಪೇರಿ ಮಾಡುವುದಿಲ್ಲ. ನಿಮ್ಮ ಗಾಡಿಯಲ್ಲಿ ಆಗಲೇ ಜಾರುವಿಕೆ ಶುರುವಾಗಿದೆ. ಒಂದೋ ಆಯಿಲ್ ಕಡಿಮೆ ಇದೆ, ಅಥವಾ ಸುಟ್ಟಿದೆ, ಅಥವಾ ಒಳಗಿನ ಕ್ಲಚ್ ಪ್ಲೇಟ್ ಸವೆದಿದೆ. ಬಿಸಿಯಾದ ಆಯಿಲ್ ತೆಳ್ಳಗಾಗುತ್ತದೆ, ಹಳೆಯ ಸೀಲುಗಳ ಸಂದಿಯಲ್ಲಿ ಸೋರುತ್ತದೆ, ಒತ್ತಡ ಇಳಿಯುತ್ತದೆ. ಅದಕ್ಕೇ ಕುಮಟಾ ಬಿಡುವಾಗ ಸರಿ ಇದ್ದ ಗಾಡಿ ಘಟ್ಟದ ತಲೆಯಲ್ಲಿ ಕೂಗುತ್ತದೆ. ಈಗ ಕೂಲರ್ ಹಾಕಿದರೆ ಒಂದೆರಡು ತಿಂಗಳು ಎಲ್ಲ ಸರಿಯಾದ ಹಾಗೆ ಕಾಣಬಹುದು. ಮೆಕ್ಯಾನಿಕ್ ಅಷ್ಟರಲ್ಲಿ ದುಡ್ಡು ಎಣಿಸಿಕೊಂಡಿರುತ್ತಾರೆ.

ಮೊದಲು ಗೇರ್‌ಬಾಕ್ಸಿನ ಆಯಿಲ್ ನೋಡಿ, ಇಂಜಿನ್ನಿನದ್ದಲ್ಲ. ನೋಡುವ ಕ್ರಮವೇ ಅರ್ಧ ಜನರಿಗೆ ಗೊತ್ತಿಲ್ಲ. ಟೊಯೊಟಾದಲ್ಲಿ ಗಾಡಿ ಬಿಸಿ ಇರಬೇಕು, ಇಂಜಿನ್ ಓಡುತ್ತಿರಬೇಕು, ಲಿವರನ್ನು ಎಲ್ಲ ಗೇರಿಗೂ ಒಮ್ಮೆ ಹಾಕಿ 'ಪಿ'ಗೆ ತಂದು ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆಯಬೇಕು. ಹೊಂಡಾದಲ್ಲಿ ಬಿಸಿ ಗಾಡಿಯನ್ನು ಆಫ್ ಮಾಡಿ ಆ ಕೂಡಲೇ ನೋಡಬೇಕು. ಇದನ್ನು ಅದಲು ಬದಲು ಮಾಡಿ, ಆಯಿಲ್ ಜಾಸ್ತಿ ಸುರಿದು, ಅದು ನೊರೆ ಬಂದು ಜಾರಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಕಡ್ಡಿಯ ಆಯಿಲನ್ನು ಬಿಳಿ ಕಾಗದದ ಮೇಲೆ ಒರೆಸಿ. ಕೆಂಪಗಿದ್ದರೆ ಸಂತೋಷ. ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸುವ ಹೊತ್ತು ಮೀರಿದೆ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಕೂಲರಿನ ದುಡ್ಡನ್ನು ಗೇರ್‌ಬಾಕ್ಸ್ ಬಿಚ್ಚಲು ಎತ್ತಿಡಿ. ಅಂಥ ಸ್ಥಿತಿಯಲ್ಲಿ ಜಾರುವಿಕೆ ನಿಲ್ಲಿಸುವ ಮದ್ದು ಎಂದು ಮಾರುವ ಬಾಟಲಿ ತಂದು ಸುರಿಯಬೇಡಿ. ಸವೆದ ಪ್ಲೇಟಿಗೆ ಬಾಟಲಿಯಿಂದ ಹೊಸ ಲೈನಿಂಗ್ ಬೆಳೆಯುವುದಿಲ್ಲ.

ಆಮೇಲೆ ರೇಡಿಯೇಟರ್. ನಿಮ್ಮ ಗಾಡಿಯ ಗೇರ್ ಆಯಿಲ್ ತಣಿಯುವುದು ಅದರ ಕೆಳಗಿನ ಟ್ಯಾಂಕಿನೊಳಗೇ. ಇಪ್ಪತ್ತು ವರ್ಷದ ರೇಡಿಯೇಟರ್ ಆಗಿದ್ದರೆ, ಒಳಗೆ ಕಿಲುಬು, ಹೊರಗೆ ಕೆಸರು ಮತ್ತು ದರಕು ಕಟ್ಟಿಕೊಂಡಿರುತ್ತದೆ. ಇಂಜಿನ್ ಹೇಗೋ ಸುಧಾರಿಸಿಕೊಳ್ಳುತ್ತದೆ, ಗೇರ್‌ಬಾಕ್ಸ್ ಬೇಯುತ್ತದೆ. ಅದಕ್ಕಿಂತ ಕೆಟ್ಟದ್ದೂ ಇದೆ. ಟ್ಯಾಂಕಿನೊಳಗಿನ ಕೊಳವೆ ತೂತಾದರೆ ಕೂಲಂಟ್, ಅಂದರೆ ಇಂಜಿನ್ ತಣಿಸುವ ನೀರು, ಮತ್ತು ಆಯಿಲ್ ಬೆರೆಯುತ್ತವೆ. ಆಗ ಕಡ್ಡಿಯಲ್ಲಿ ನಮ್ಮ ಕಾರವಾರದ ಸೋಲ್ ಕಡಿಯಂಥ ಗುಲಾಬಿ ನೊರೆ ಬರುತ್ತದೆ. ಅದನ್ನು ಕಂಡರೆ ಅಲ್ಲೇ ಗಾಡಿ ನಿಲ್ಲಿಸಿ. ಕೂಲಂಟ್ ತಾಗಿದರೆ ಕ್ಲಚ್ ಲೈನಿಂಗಿನ ಅಂಟು ಬಿಡುತ್ತದೆ. ಮನೆಯವರೆಗೆ ಹೋಗಿಬಿಡುತ್ತೇನೆ ಎನ್ನುವವರ ಗೇರ್‌ಬಾಕ್ಸ್ ಮನೆ ಮುಟ್ಟುವುದರೊಳಗೆ ಮುಗಿದಿರುತ್ತದೆ.

ಇನ್ನು ಖರ್ಚಿಲ್ಲದ ಕೂಲರ್ ಒಂದಿದೆ, ಯಾರೂ ಬಳಸುವುದಿಲ್ಲ. ನಿಮ್ಮ ಲಿವರಿನ ಮೇಲೆ 'ಒ/ಡಿ' ಗುಂಡಿ ಇದೆಯಲ್ಲ, ಅದು. ಓವರ್‌ಡ್ರೈವ್ ಎಂದರೆ ನಾಲ್ಕನೇ ಗೇರ್, ಆಫ್ ಮಾಡಿದರೆ ಗಾಡಿ ಮೂರರ ಮೇಲೆ ಹೋಗುವುದಿಲ್ಲ. ಬಿಸಿ ಹುಟ್ಟುವುದು ಮುಖ್ಯವಾಗಿ ಇಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲಿ. ಲಾರಿಯ ಹಿಂದೆ ತೆವಳುತ್ತ, ಗಾಡಿ ಮೂರಕ್ಕೂ ನಾಲ್ಕಕ್ಕೂ ಓಲಾಡುತ್ತ ಹತ್ತುವಾಗ ಕನ್ವರ್ಟರ್ ಲಾಕ್ ಆಗುವುದೇ ಇಲ್ಲ. ಇಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲು ಸುಮ್ನೆ ಆಯಿಲ್ ಕದಡುವುದಕ್ಕೇ ಹೋಗುತ್ತದೆ. ಘಟ್ಟ ಶುರುವಾಗುವ ಮೊದಲೇ ಓವರ್‌ಡ್ರೈವ್ ಆಫ್ ಮಾಡಿ. ಕಡಿದಾದ ತಿರುವುಗಳಲ್ಲಿ '2'ಕ್ಕೆ ಇಳಿಸಿ. ಸದ್ದು ಜಾಸ್ತಿಯಾದರೆ ಹೆದರಬೇಡಿ.

ಇಷ್ಟೆಲ್ಲ ಮಾಡಿ, ಆಯಿಲ್ ಹೊಸದಾಗಿ, ರೇಡಿಯೇಟರ್ ಶುದ್ಧವಾಗಿ, ಜಾರುವಿಕೆಯೂ ನಿಂತ ಮೇಲೆ ಅಳೆಯಿರಿ. ಗೇರ್‌ಬಾಕ್ಸಿನಿಂದ ಹೊರಗೆ ಬರುವ ಪೈಪಿಗೆ ಒಂದು ತುಂಡು ಕಪ್ಪು ಟೇಪ್ ಸುತ್ತಿ. ಘಟ್ಟದ ಮೇಲೆ ನಿಲ್ಲಿಸಿ ಅದರ ಮೇಲೆ ಇನ್‌ಫ್ರಾರೆಡ್ ಗನ್ ಹಿಡಿಯಿರಿ. ಹೊಳೆಯುವ ಲೋಹದ ಮೇಲೆ ಹಿಡಿದರೆ ಅದು ಸುಳ್ಳು ಹೇಳುತ್ತದೆ. ನೂರು ಡಿಗ್ರಿಯ ಆಸುಪಾಸು ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಪ್ರತಿ ಸಲ 120 ದಾಟಿದರೆ ಕೂಲರ್ ಹಾಕಿಸಿ, ನಾನೇ ಹೇಳುತ್ತೇನೆ. ಹತ್ತು ಡಿಗ್ರಿ ಏರಿದರೆ ಆಯಿಲಿನ ಆಯುಸ್ಸು ಅರ್ಧ ಎನ್ನುವುದು ನಮ್ಮ ಕಸುಬಿನವರ ಅಂದಾಜು ಲೆಕ್ಕ.

ಹಾಕಿಸುವಾಗ ಪ್ಲೇಟ್ ಜೋಡಿಸಿದ ಮಾದರಿಯದ್ದೇ ತನ್ನಿ. ಕೊಳವೆ ಸುತ್ತಿದ ಅಗ್ಗದ್ದು ಜಾಗ ತಿನ್ನುತ್ತದೆ, ಅಷ್ಟು ತಣಿಸುವುದಿಲ್ಲ. ಆಯಿಲ್ ಮೊದಲು ರೇಡಿಯೇಟರಿಗೆ, ಅಲ್ಲಿಂದ ಹೊಸ ಕೂಲರಿಗೆ, ಆಮೇಲೆ ಗೇರ್‌ಬಾಕ್ಸಿಗೆ ಹೋಗಬೇಕು. ರೇಡಿಯೇಟರನ್ನು ಬಿಡಬಾರದು ಎನ್ನುವುದು ಇದಕ್ಕೇ: ಗಾಡಿ ತೆವಳುವಾಗ ಮುಂದಿನ ಕೂಲರಿಗೆ ಗಾಳಿ ಸಾಲದು, ಒಳಗಿನ ಕೂಲಂಟ್ ಮಾತ್ರ ಆಗಲೂ ಬಿಸಿ ಎಳೆಯುತ್ತದೆ. ಕೂಲರನ್ನು ಪ್ಲಾಸ್ಟಿಕ್ ಕಡ್ಡಿಗಳಿಂದ ರೇಡಿಯೇಟರಿನ ಮುಂದಿರುವ ಎಸಿ ಕಂಡೆನ್ಸರಿಗೇ ಹೊಲಿಯುವುದು ಒಂದು ಫ್ಯಾಷನ್. ನಮ್ಮ ರಸ್ತೆಯ ಕುಲುಕಾಟಕ್ಕೆ ಅದು ಉಜ್ಜಿ ಉಜ್ಜಿ ಕಂಡೆನ್ಸರನ್ನೇ ತೂತು ಮಾಡುತ್ತದೆ. ಬ್ರಾಕೆಟ್ ಮಾಡಿಸಿ, ಮಧ್ಯೆ ಬೆರಳು ಹಿಡಿಸುವಷ್ಟು ಸಂದಿ ಬಿಡಿ.

ಹೋಸ್ ಬಗ್ಗೆ ನಾನು ಜಾಸ್ತಿ ಕಿರಿಕಿರಿ ಮಾಡುತ್ತೇನೆ, ಕಾರಣ ಇದೆ. ಕಸುಬಿನ ಮೊದಲ ವರ್ಷಗಳಲ್ಲಿ ನನ್ನದೇ ಗಾಡಿಗೆ ಕೂಲರ್ ಹಾಕಿದ್ದೆ. ಕೈಗೆ ಸಿಕ್ಕಿದ ಪೆಟ್ರೋಲ್ ಹೋಸ್, ನುಣುಪಾದ ಪೈಪಿನ ತುದಿ, ಒಂದು ಕ್ಲಾಂಪ್. ಅರಬೈಲ್ ಘಟ್ಟದ ಅರ್ಧದಲ್ಲಿ ಹೋಸ್ ಕಳಚಿತು. ರಸ್ತೆ ತುಂಬ ಕೆಂಪು ಆಯಿಲ್. ನಾನು ತಿಳಿದು ನಿಲ್ಲಿಸುವುದರೊಳಗೆ ಪಂಪ್ ಎಲ್ಲವನ್ನೂ ಹೊರಗೆ ಚೆಲ್ಲಿತ್ತು. ಗೇರ್ ಆಯಿಲಿಗೆಂದೇ ಇರುವ ಹೋಸ್ ಕೇಳಿ ತನ್ನಿ. ಪೈಪಿನ ತುದಿಗೆ ಉಬ್ಬು ಮಾಡಿಸದೆ ಕ್ಲಾಂಪ್ ಬಿಗಿಯಲು ಬಿಡಬೇಡಿ. ನೂರು ಕಿಲೋಮೀಟರ್ ಓಡಿಸಿ ಮತ್ತೆ ಬಿಗಿಸಿ, ಆಯಿಲ್ ಮಟ್ಟ ಮತ್ತೆ ನೋಡಿ. ಹೊಸ ಕೂಲರೂ ಒಂದಿಷ್ಟು ಕುಡಿದಿರುತ್ತದೆ.

ಪ್ರಶ್ನೆ: ನನ್ನ ಎಎಂಟಿ ಸೆಲೆರಿಯೊಗೂ ಇಂಥ ಕೂಲರ್ ಹಾಕಬಹುದೇ? ಘಟ್ಟದಲ್ಲಿ ಸುಟ್ಟ ವಾಸನೆ ಬರುತ್ತದೆ.

ಉತ್ತರ: ಅದು ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಲು, ಗೇರ್ ಬದಲಿಸಲು ಯಂತ್ರ ಇದೆ ಅಷ್ಟೇ. ಪೈಪಿನಲ್ಲಿ ಹೊರಗೆ ಹರಿದು ಬರುವ ಆಯಿಲೇ ಇಲ್ಲ, ಕೂಲರ್ ಎಲ್ಲಿ ಕಟ್ಟುತ್ತೀರಿ? ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳುವುದನ್ನು ಬಿಡಿ, ಬ್ರೇಕ್ ಹಿಡಿಯಿರಿ.

ಪ್ರಶ್ನೆ: ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಗೇರ್‌ಬಾಕ್ಸ್ ತಣ್ಣಗಿರುತ್ತದೆ, ಪೆಟ್ರೋಲೂ ಉಳಿಯುತ್ತದೆ ಅಲ್ವಾ?

ಉತ್ತರ: ಇಲ್ಲ. ಇಂಜಿನ್ನಿನ ಹಿಡಿತ ತಪ್ಪಿ ಬ್ರೇಕ್ ಬೇಯುತ್ತದೆ, ನೀವು ಕೆಳಗಿನ ತಿರುವಿನಲ್ಲಿ ನೇರ ಹೋಗುತ್ತೀರಿ.

ಪ್ರಶ್ನೆ: ಆಯಿಲ್ 'ಲೈಫ್‌ಟೈಮ್' ಎಂದು ಹೇಳಿದ್ದಾರೆ, ಬದಲಿಸಬೇಕೇ?

ಉತ್ತರ: ಯಾರ ಲೈಫ್ ಎಂದು ಕೇಳಿ ಬನ್ನಿ. ಘಟ್ಟದ ಗಾಡಿಗೆ ನಾನು 40,000 ಕಿಲೋಮೀಟರ್ ದಾಟಿಸುವುದಿಲ್ಲ.

ಪ್ರಶ್ನೆ: ಕಾರವಾರದಲ್ಲಿ ಸಮುದ್ರದ ಹತ್ತಿರ ಮನೆ. ಎರಡು ವರ್ಷದ ಹಿಂದೆ ಹಾಕಿಸಿದ ಕೂಲರಿನ ರೆಕ್ಕೆಗಳು ಬೆಳ್ಳಗೆ ಪುಡಿಯಾಗುತ್ತಿವೆ. ಬಣ್ಣ ಬಳಿಯಲೇ?

ಉತ್ತರ: ಉಪ್ಪುಗಾಳಿ ಅಲ್ಯೂಮಿನಿಯಂ ತಿನ್ನುತ್ತಿದೆ. ದಪ್ಪ ಬಣ್ಣ ಬಳಿದರೆ ಬಿಸಿ ಹೊರಗೆ ಹೋಗದು. ವಾರಕ್ಕೊಮ್ಮೆ ಸಿಹಿನೀರು ಹಾಯಿಸಿ. ಪ್ರೆಶರ್ ವಾಷರ್ ಹಿಡಿಯಬೇಡಿ, ರೆಕ್ಕೆ ಮಲಗುತ್ತದೆ. ಕಬ್ಬಿಣದ ಬೋಲ್ಟ್ ಹಾಕಿದ್ದರೆ ಸ್ಟೇನ್‌ಲೆಸ್‌ನದ್ದು ಹಾಕಿಸಿ, ನಡುವೆ ರಬ್ಬರ್ ವಾಷರ್ ಇರಲಿ. ಪುಡಿಯಾದ ಜಾಗದಲ್ಲಿ ಆಯಿಲಿನ ಪಸೆ ಕಂಡರೆ ಕೂಲರನ್ನೇ ಬದಲಿಸಿ. ಅಂಟು ಹಚ್ಚಿಕೊಂಡು ನನ್ನ ಹತ್ತಿರ ಬರಬೇಡಿ.